ಆಟಕ್ಕುಂಟು, ಲೆಕ್ಕಕ್ಕಿಲ್ಲ: ಕನ್ಸಲ್ಟಿಂಗ್‌ನಲ್ಲಿ ನಾನು ಮ್ಯಾನೇಜರ್ ಆಗೋಕೆ ಹಿಡಿದ ಎರಡು ವರ್ಷ

ಕಾಲ್ ಬಂದಿದ್ದು ಒಂದು ಗುರುವಾರ ಸಂಜೆ, ಕ್ಲೈಂಟ್ ಆಫೀಸಿಂದ ಏರ್‌ಪೋರ್ಟ್‌ಗೆ ಹೋಗೋ ಟ್ಯಾಕ್ಸೀಲಿದ್ದೆ. ಆ ಕಡೆ ನನ್ನ ಕೌನ್ಸೆಲರ್. ಕನ್ಸಲ್ಟಿಂಗ್‌ನಲ್ಲಿ ದಿನಾ ಕೆಲಸ ಹೇಳೋ ಪ್ರಾಜೆಕ್ಟ್ ಮ್ಯಾನೇಜರ್ ಬೇರೆ, ವರ್ಷದ ಕೊನೇಲಿ ನಮ್ಮ ಪರವಾಗಿ ಮಾತಾಡೋ ಸೀನಿಯರ್ ಬೇರೆ, ಆ ಎರಡನೇವರಿಗೆ ಕೆಲವು ಕಡೆ ಕೌನ್ಸೆಲರ್ ಅಂತಾರೆ, ಕೆಲವು ಕಡೆ ಕೋಚ್ ಅಂತಾರೆ. "ಈ ಸಲ ಪ್ರಮೋಷನ್ ಆಗ್ಲಿಲ್ಲ, ಮುಂದಿನ ರೌಂಡಲ್ಲಿ ನೋಡೋಣ" ಅಂದ್ರು. ಯಾಕೆ ಸರ್ ಅಂತ ಕೇಳ್ದೆ. "ನಿಮ್ಮ ಯುಟಿಲೈಸೇಷನ್ 76 ಬಂದಿದೆ, ಟಾರ್ಗೆಟ್ 80. ಅದೂ ಅಲ್ದೆ ತೀರ್ಮಾನ ಮಾಡೋ ರೂಮಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರಿಗೆ ನೀವು ಏನ್ ಮಾಡಿದ್ದೀರಾ ಅಂತಾನೇ ಗೊತ್ತಿರ್ಲಿಲ್ಲ" ಅಂದ್ರು. ಯುಟಿಲೈಸೇಷನ್ ಅಂದ್ರೆ ವರ್ಷದಲ್ಲಿ ನಮ್ಮ ಕೈಲಿರೋ ಗಂಟೆಗಳಲ್ಲಿ ಕ್ಲೈಂಟ್ ಕೆಲಸಕ್ಕೆ ಅಂತ ಬರೆದಿದ್ದು ಎಷ್ಟು ಪರ್ಸೆಂಟ್ ಅನ್ನೋದು. ಏಳೆಂಟು ನಿಮಿಷದಲ್ಲಿ ಮಾತು ಮುಗೀತು. ಫ್ಲೈಟಲ್ಲಿ ಕೂತ್ಕೊಂಡು ಆ 76 ಅನ್ನೋ ನಂಬರೇ ತಲೇಲಿ ತಿರುಗ್ತಿತ್ತು, ಯಾಕಂದ್ರೆ ಆ ವರ್ಷದಷ್ಟು ಕಷ್ಟಪಟ್ಟು ನಾನು ಯಾವತ್ತೂ ಕೆಲಸ ಮಾಡಿರ್ಲಿಲ್ಲ, ಅದು ಹೇಗೆ 76 ಆಗುತ್ತೆ?

ಉತ್ತರ ನನ್ನ ಕೈಯಲ್ಲೇ ಇತ್ತು, ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯ್ತು ಅಂತ ನಾನೇ ಪ್ರತಿ ಶುಕ್ರವಾರ ತುಂಬ್ತಿದ್ದ ಟೈಮ್‌ಶೀಟಲ್ಲಿ.

ಸ್ವಲ್ಪ ಹಿಂದಿಂದ ಹೇಳ್ತೀನಿ. ಇಲ್ಲಿಗೆ ಬರೋ ಮುಂಚೆ ಆರು ವರ್ಷ ಸಾಫ್ಟ್‌ವೇರ್ ಕಂಪನೀಲಿ ಕೋಡ್ ಬರೀತಿದ್ದೆ. ಕನ್ಸಲ್ಟಿಂಗ್ ಆಫರ್ ಬಂದಾಗ ಸಂಬಳ 30 ಪರ್ಸೆಂಟ್ ಜಾಸ್ತಿ, ಖುಷಿಯಾಗಿ ಸೇರ್ಕೊಂಡೆ. ಒಂದು ವರ್ಷ ಆದ್ಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು ಏನಂದ್ರೆ, ಹಳೇ ಕೆಲಸದಲ್ಲಿ ವಾರಕ್ಕೆ 42 ಗಂಟೆ, ಇಲ್ಲಿ ಸೋಮವಾರ ಬೆಳಗಿನ ಜಾವದ ಫ್ಲೈಟು ಗುರುವಾರ ರಾತ್ರಿ ವಾಪಸ್ ಬರೋ ಪ್ರಯಾಣ ಎಲ್ಲಾ ಸೇರಿಸಿ 55. 42ರಿಂದ 55ಕ್ಕೆ ಏರಿದ್ರೆ ಅದು 31 ಪರ್ಸೆಂಟು. ಅಂದ್ರೆ ಗಂಟೆ ಲೆಕ್ಕದಲ್ಲಿ ನನ್ನ ಸಂಬಳ ಇದ್ದಲ್ಲೇ ಇತ್ತು. ಇದನ್ನ ಬೇಜಾರಿಂದ ಹೇಳ್ತಿಲ್ಲ, ಕಲಿತಿದ್ದು ಬಹಳ ಇದೆ, ಆದ್ರೆ ಆಫರ್ ಲೆಟರ್ ನೋಡೋವಾಗ ಎಲ್ಲರೂ ಈ ಒಂದು ಭಾಗಾಕಾರ ಮಾಡ್ಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಮೆಟ್ಟಿಲುಗಳು ಎಲ್ಲರಿಗೂ ಗೊತ್ತಿರೋವೇ. ಅನಲಿಸ್ಟ್, ಕನ್ಸಲ್ಟೆಂಟ್, ಸೀನಿಯರ್ ಕನ್ಸಲ್ಟೆಂಟ್, ಮ್ಯಾನೇಜರ್, ಸೀನಿಯರ್ ಮ್ಯಾನೇಜರ್, ಅದರ ಮೇಲೆ ಪಾರ್ಟ್ನರೋ ಮ್ಯಾನೇಜಿಂಗ್ ಡೈರೆಕ್ಟರೋ, ಹೆಸರು ಒಂದೊಂದು ಕಡೆ ಒಂದೊಂದು. ಸ್ಟ್ರಾಟಜಿ ಕಂಪನಿಗಳಲ್ಲಿ ಪ್ರಾಜೆಕ್ಟ್ ಎರಡು ಮೂರು ತಿಂಗಳಿಗೆ ಮುಗಿಯುತ್ತೆ, ನಮ್ಮಂಥ ಟೆಕ್ನಾಲಜಿ ಕಡೆಯವರದ್ದು ವರ್ಷಗಟ್ಟಲೆ ಎಳೆಯುತ್ತೆ. ಈ ವ್ಯತ್ಯಾಸ ಪ್ರಮೋಷನ್‌ಗೂ ತಟ್ಟುತ್ತೆ. ಅವರು ವರ್ಷದಲ್ಲಿ ನಾಲ್ಕು ಪಾರ್ಟ್ನರ್‌ಗಳ ಕೈಕೆಳಗೆ ಕೆಲಸ ಮಾಡಿರ್ತಾರೆ, ನಾವು ಒಂದೇ ಪ್ರಾಜೆಕ್ಟಲ್ಲಿ ಒಬ್ಬರೇ ಪಾರ್ಟ್ನರ್ ಕಣ್ಣಿಗೆ ಮಾತ್ರ ಬಿದ್ದಿರ್ತೀವಿ, ಅದೂ ಅವರು ತಿಂಗಳಿಗೊಂದ್ಸಲ ಬಂದಾಗ.

ನಾನಿದ್ದ ಪ್ರಾಜೆಕ್ಟ್ ಡೇಟಾ ಮೈಗ್ರೇಷನ್. ಹಳೇ ಸಿಸ್ಟಮಲ್ಲಿರೋ ಗ್ರಾಹಕರ ಮಾಹಿತಿ, ಬಾಕಿ ಬಿಲ್ಲು, ಸ್ಟಾಕು ಎಲ್ಲಾನೂ ಹೊಸ ಇಆರ್‌ಪಿಗೆ, ಅಂದ್ರೆ ಕಂಪನಿಯ ಎಲ್ಲಾ ವ್ಯವಹಾರ ಒಂದೇ ಕಡೆ ನೋಡ್ಕೊಳ್ಳೋ ಸಾಫ್ಟ್‌ವೇರ್‌ಗೆ ಸಾಗಿಸೋದು. ಕೇಳೋಕೆ ಸುಲಭ, ಆದ್ರೆ ಇಪ್ಪತ್ತು ವರ್ಷದಿಂದ ಯಾರ್ಯಾರೋ ಕೈಗೆ ಬಂದಂಗೆ ತುಂಬಿದ ಡೇಟಾ ಅದು, ಒಬ್ಬನೇ ಗ್ರಾಹಕನಿಗೆ ಮೂರು ನಂಬರು, ವಿಳಾಸದ ಕಾಲಮ್ಮಲ್ಲಿ ಫೋನ್ ನಂಬರು. ಮೊದಲನೇ ಟ್ರಯಲ್ ಲೋಡ್ ಮಾಡಿದಾಗ ಹೊಸ ಸಿಸ್ಟಮ್ ಅರ್ಧಕ್ಕರ್ಧ ವಾಪಸ್ ಉಗಿಯಿತು. ಇದು ಫಿಕ್ಸೆಡ್ ಪ್ರೈಸ್ ಕಾಂಟ್ರಾಕ್ಟು, ಅಂದ್ರೆ ನಾವು ಎಷ್ಟು ಗಂಟೆ ಹಾಕಿದ್ರೂ ಕ್ಲೈಂಟ್ ಕೊಡೋದು ಮೊದಲೇ ಒಪ್ಕೊಂಡಷ್ಟೇ. ಟೈಮ್ ಅಂಡ್ ಮೆಟೀರಿಯಲ್ ಆಗಿದ್ರೆ ಹೆಚ್ಚು ಗಂಟೆ ಅಂದ್ರೆ ಹೆಚ್ಚು ಬಿಲ್ಲು, ಫಿಕ್ಸೆಡ್ ಆದ್ರೆ ಹೆಚ್ಚು ಗಂಟೆ ಅಂದ್ರೆ ಕಮ್ಮಿ ಲಾಭ.

ಎಸ್ಟಿಮೇಟ್ ಹಾಕಿದವರು ಡೇಟಾ ನೋಡಿರ್ಲಿಲ್ಲ. ಎರಡನೇ ತಿಂಗಳಿಗೇ ಬಜೆಟ್ ಬಿಗಿಯಾಯ್ತು. ಒಂದಿನ ನನ್ನ ಪ್ರಾಜೆಕ್ಟ್ ಮ್ಯಾನೇಜರ್ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ್ರು, "ನೋಡಿ, ವಾರಕ್ಕೆ 40ಕ್ಕಿಂತ ಜಾಸ್ತಿ ಹಾಕ್ಬೇಡಿ. ಮಾರ್ಜಿನ್ ಕಮ್ಮಿ ಆದ್ರೆ ಮೇಲೆ ಉತ್ತರ ಕೊಡೋಕಾಗಲ್ಲ. ನಿಮ್ಮ ಕಷ್ಟ ನನಗೆ ಗೊತ್ತು, ರಿವ್ಯೂ ಟೈಮಲ್ಲಿ ನೋಡ್ಕೊತೀನಿ." ಅವರು ಕೆಟ್ಟವರಲ್ಲ, ರಾತ್ರಿ ಹನ್ನೊಂದಕ್ಕೂ ನಮ್ಮ ಜೊತೆ ಕೂತು ಎಕ್ಸೆಲ್ ತಿದ್ದಿದ ಮನುಷ್ಯ. ಅವರ ರಿವ್ಯೂನಲ್ಲಿ ಅಳೆಯೋದು ಪ್ರಾಜೆಕ್ಟ್ ಮಾರ್ಜಿನ್, ಅಂದ್ರೆ ಉಳಿಯೋ ಲಾಭ. ನನ್ನ ರಿವ್ಯೂನಲ್ಲಿ ಅಳೆಯೋದು ಗಂಟೆ. ಅವರ ನಂಬರ್ ಉಳಿಸೋಕೆ ನನ್ನ ನಂಬರ್ ಕಡಿಮೆ ಆಗ್ಬೇಕಿತ್ತು, ಆವಾಗ ಅದು ನನಗೆ ಹೊಳೀಲಿಲ್ಲ. ಇದಕ್ಕೆ ನಮ್ಮಲ್ಲಿ ಗಂಟೆ ತಿನ್ನೋದು ಅಂತಾರೆ. ಕೆಲಸ ಮಾಡೋದು, ಬರೀದೇ ಇರೋದು. ಹೆಚ್ಚಿನ ಕಂಪನಿಗಳ ನಿಯಮದಲ್ಲಿ ಇದು ತಪ್ಪು, ಮಾಡಿದ ಗಂಟೆ ಎಲ್ಲಾ ಬರೀಬೇಕು ಅಂತಾನೇ ಇರುತ್ತೆ, ಆದ್ರೂ ನಡೆಯುತ್ತೆ.

26 ವಾರ ಹಂಗೇ ನಡೀತು. ವಾರಕ್ಕೆ 46 ಗಂಟೆ ಕೆಲಸ, ಬರೆದಿದ್ದು 40.

ಆ ಫ್ಲೈಟಲ್ಲಿ ಟಿಶ್ಯೂ ಪೇಪರ್ ಮೇಲೆ ಹಾಕಿದ ಲೆಕ್ಕ ಇವತ್ತಿಗೂ ನೆನಪಿದೆ. ರಜೆ ಎಲ್ಲಾ ಕಳೆದು ವರ್ಷಕ್ಕೆ ನನ್ನ ಲಭ್ಯ ಗಂಟೆ 1840. ಬರೆದಿದ್ದ ಚಾರ್ಜಬಲ್ ಗಂಟೆ, ಅಂದ್ರೆ ಕ್ಲೈಂಟ್ ಕೆಲಸದ ಗಂಟೆ, 1400. ಭಾಗಿಸಿದ್ರೆ 76. ಬರೀದೇ ಬಿಟ್ಟಿದ್ದು ವಾರಕ್ಕೆ 6ರಂತೆ 26 ವಾರಕ್ಕೆ 156 ಗಂಟೆ. ಅದನ್ನ ಸೇರಿಸಿದ್ರೆ 1556, ಅಂದ್ರೆ ಹತ್ರಹತ್ರ 85. ಟಾರ್ಗೆಟ್‌ಗಿಂತ ಹತ್ರಹತ್ರ ಐದು ಪಾಯಿಂಟ್ ಮೇಲೆ! ಅದನ್ನ ನೋಡಿ ಗಂಟಲು ಕಟ್ಟಿದಂಗಾಯ್ತು. ರಿವ್ಯೂ ಟೈಮಲ್ಲಿ ನೋಡ್ಕೊತೀನಿ ಅಂದಿದ್ದ ಮ್ಯಾನೇಜರ್ ಅಷ್ಟೊತ್ತಿಗೆ ಬೇರೆ ಕಂಪನಿಗೆ ಹೋಗಿಬಿಟ್ಟಿದ್ರು. ಅವರ ಮಾತು ಅವರ ಜೊತೇನೇ ಹೋಯ್ತು, ಕಾಗದದ ಮೇಲೆ ಉಳಿದಿದ್ದು 76 ಮಾತ್ರ.

1840ರಲ್ಲಿ 1400 ಕಳೆದು ಉಳಿದ 440 ಗಂಟೆ, ಅಂದ್ರೆ ಹನ್ನೊಂದು ವಾರದಲ್ಲಿ, ಐದು ವಾರ ಬೆಂಚಲ್ಲಿದ್ದೆ, ಅಂದ್ರೆ ಯಾವ ಪ್ರಾಜೆಕ್ಟೂ ಇಲ್ದೆ; ಆರು ವಾರ ಹೊಸ ಕೆಲಸ ಹಿಡಿಯೋಕೆ ಕ್ಲೈಂಟಿಗೆ ಕೊಡೋ ಎರಡು ಪ್ರಪೋಸಲ್‌ಗೆ ಕೆಲಸ ಮಾಡಿದ್ದೆ. ಅದರಲ್ಲಿ ಒಂದು ಪ್ರಪೋಸಲ್ ಗೆದ್ದಿತ್ತು, ಒಳ್ಳೇ ದೊಡ್ಡ ಕೆಲಸ ಬಂತು ಕಂಪನಿಗೆ. ಪ್ರಪೋಸಲ್ ಗಂಟೆ ಯುಟಿಲೈಸೇಷನ್‌ಗೆ ಸೇರಲ್ಲ, ಗೆದ್ದ ಪಟ್ಟೀಲಿ ನನ್ನ ಹೆಸರು ಯಾರೂ ಹಾಕಿರ್ಲಿಲ್ಲ, ಹಾಕಿಸ್ಕೋಬೇಕು ಅಂತ ನನಗೂ ಗೊತ್ತಿರ್ಲಿಲ್ಲ. ಒಳ್ಳೇ ಕೆಲಸ ಮಾಡಿದ್ರೆ ತಾನಾಗೇ ಕಾಣುತ್ತೆ ಅಂತ ನಂಬ್ಕೊಂಡು ಎಲೆಮರೆ ಕಾಯಿ ಥರ ಇದ್ದೆ.

ಸಂಬಳಕ್ಕೆ ಏನಾಯ್ತು ಅಂತಾನೂ ಹೇಳ್ಬೇಕು, ಯಾಕಂದ್ರೆ ಬೋನಸ್ ಹೇಗೆ ಲೆಕ್ಕ ಹಾಕ್ತಾರೆ ಅಂತ ಸೇರಿ ಮೂರು ವರ್ಷ ಆದವರಿಗೂ ಗೊತ್ತಿರಲ್ಲ. ನನ್ನ ಟಾರ್ಗೆಟ್ ಬೋನಸ್ ಮೂಲ ಸಂಬಳದ 15 ಪರ್ಸೆಂಟ್. ಅದನ್ನ ಕಂಪನಿ ಆ ವರ್ಷ ಹೇಗೆ ಮಾಡ್ತು ಅಂತ ನೋಡಿ ಇಡೋ ಕಂಪನಿ ಅಂಶದಿಂದ ಗುಣಿಸ್ತಾರೆ, ಆ ವರ್ಷ ಅದು 0.8. ಆಮೇಲೆ ನನ್ನ ವೈಯಕ್ತಿಕ ಅಂಶ, ಅದು 0.9 ಬಂತು. ಮೂರನ್ನೂ ಗುಣಿಸಿದ್ರೆ 10.8. ಆಫರ್ ಲೆಟರಲ್ಲಿ 15 ಅಂತ ನೋಡಿ ಅದನ್ನೇ ಸಂಬಳ ಅಂತ ಅಂದ್ಕೊಂಡು ಖರ್ಚು ಪ್ಲಾನ್ ಮಾಡಿದ್ದೆ, ಅದು ನನ್ನದೇ ತಪ್ಪು. ಗುಣಾಕಾರ ಅಂದ್ಮೇಲೆ ಎರಡು ಕಡೆ ಸ್ವಲ್ಪ ಸ್ವಲ್ಪ ಕಮ್ಮಿ ಆದ್ರೂ ಸಾಕು ಕಾಲು ಭಾಗಕ್ಕಿಂತ ಜಾಸ್ತೀನೇ ಹೋಗುತ್ತೆ.

ಆಮೇಲೆ ಮತ್ತೆ ನಾಲ್ಕು ವಾರ ಬೆಂಚು. ಬೆಂಚ್ ಅಂದ್ರೆ ಆರಾಮ ಅಂತ ಹೊರಗಿನವರು ಅಂದ್ಕೋತಾರೆ, ಇಲ್ಲ. ಬೆಳಗ್ಗೆ ಎದ್ದು, ಯಾರನ್ನ ಯಾವ ಪ್ರಾಜೆಕ್ಟಿಗೆ ಹಾಕೋದು ಅಂತ ನೋಡೋ ಸ್ಟಾಫಿಂಗ್ ಮ್ಯಾನೇಜರ್‌ಗೆ ಮೆಸೇಜ್, ಮಧ್ಯಾಹ್ನ ಯಾವುದೋ ಪ್ರಾಜೆಕ್ಟ್ ಮ್ಯಾನೇಜರ್ ಜೊತೆ ಅರ್ಧ ಗಂಟೆ ಇಂಟರ್ವ್ಯೂ, ಸಂಜೆ "ಕ್ಲೈಂಟ್ ಬಜೆಟ್ ಸಿಗ್ಲಿಲ್ಲ" ಅಂತ ಮೇಲ್. ಒಂದೊಂದು ದಿನಾನೂ ಆ ಪರ್ಸೆಂಟ್ ಕೆಳಗೆ ಎಳೆಯುತ್ತೆ. ಆ ನಾಲ್ಕು ವಾರ ನಾನು ಈ ಉದ್ಯಮ ಯಾಕೆ ಹೀಗಿದೆ ಅಂತ ಓದೋಕೆ ಶುರು ಮಾಡ್ದೆ, ಓದಿದಷ್ಟೂ ನನಗಾದದ್ದು ನನಗೊಬ್ಬರಿಗೇ ಆದದ್ದಲ್ಲ ಅಂತ ಅನ್ನಿಸ್ತಾ ಬಂತು.

ಮೆಕಿನ್ಸಿ ಶುರುವಾಗಿದ್ದು 1926ರಲ್ಲಿ, ಜೇಮ್ಸ್ ಮೆಕಿನ್ಸಿ ಅನ್ನೋ ಅಕೌಂಟಿಂಗ್ ಪ್ರೊಫೆಸರ್ ಕಟ್ಟಿದ್ದು. ಆದ್ರೆ ಇವತ್ತು ಕನ್ಸಲ್ಟಿಂಗ್ ಅಂದ್ರೆ ನಮ್ಮ ಕಣ್ಮುಂದೆ ಬರೋ ರೂಪ ಕೊಟ್ಟವರು 1933ರಲ್ಲಿ ಅಲ್ಲಿ ಸೇರಿದ ಮಾರ್ವಿನ್ ಬೋವರ್, ಅವರು ಮೂಲತಃ ವಕೀಲರು, ವಕೀಲರ ಆಫೀಸಿನ ಶಿಸ್ತನ್ನೇ ಇಲ್ಲಿಗೆ ತಂದ್ರು. ಮೇಲೇರು ಇಲ್ಲಾಂದ್ರೆ ಹೊರಡು ಅನ್ನೋ ಪದ್ಧತಿಯ ಬೇರೂ ನ್ಯೂಯಾರ್ಕಿನ ವಕೀಲ ಪಾಲ್ ಕ್ರವಾತ್ ಅವರ ಆಫೀಸ್ ಕಡೆಗೇ ಹೋಗುತ್ತೆ. ಅದರ ಹಿಂದಿರೋದು ಕ್ರೌರ್ಯ ಅಲ್ಲ, ಪಿರಮಿಡ್ ಲೆಕ್ಕ. ಒಬ್ಬ ಪಾರ್ಟ್ನರ್ ಕೆಳಗೆ ಮೂರು ಮ್ಯಾನೇಜರ್, ಅವರ ಕೆಳಗೆ ಹನ್ನೆರಡು ಜನ ಅಂದ್ಕೊಳ್ಳಿ. ಕೆಲಸ ಬೆಳೀದೇ ಇದ್ರೆ ಹನ್ನೆರಡರಲ್ಲಿ ಒಬ್ಬರು ಮೇಲೆ ಹೋಗ್ಬೇಕಾದ್ರೆ ಮೂರರಲ್ಲಿ ಒಬ್ಬರು ಜಾಗ ಬಿಡ್ಬೇಕು. ನಮ್ಮ ಪ್ರಾಕ್ಟೀಸಲ್ಲಿ, ಅಂದ್ರೆ ನಮ್ಮ ವಿಭಾಗದಲ್ಲಿ, ಆ ವರ್ಷ ಮ್ಯಾನೇಜರ್ ಜಾಗ ಐದು, ಸಾಲಲ್ಲಿ ನಿಂತವರು ಹದಿನಾಲ್ಕು. ನಾನು ಚೆನ್ನಾಗಿ ಮಾಡಿದ್ನಾ ಇಲ್ವಾ ಅನ್ನೋದಕ್ಕಿಂತ ಮೊದಲೇ ಒಂಬತ್ತು ಜನಕ್ಕೆ ಇಲ್ಲ ಅನ್ನೋದು ತೀರ್ಮಾನ ಆಗಿತ್ತು.

ಇನ್ನೊಂದು ವಿಷಯ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಟೆಕ್ನಾಲಜಿ ಕನ್ಸಲ್ಟಿಂಗ್ ಚರಿತ್ರೇಲಿ ಮೊದಲನೇದು ಅಂತ ಎಲ್ಲರೂ ಹೇಳೋ ಕೆಲಸಗಳಲ್ಲಿ ಒಂದು, 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿರೋ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗೆ ಆರ್ಥರ್ ಆಂಡರ್ಸನ್ ಕಂಪನಿಯವರು ಯೂನಿವ್ಯಾಕ್ ಕಂಪ್ಯೂಟರಲ್ಲಿ ಮಾಡಿಕೊಟ್ಟ ಪೇರೋಲ್. ಅಂದ್ರೆ ಸಂಬಳದ ಲೆಕ್ಕ. ಕೆಲಸಗಾರರು ದುಡಿದ ಗಂಟೆ ಸರಿಯಾಗಿ ಎಣಿಸಿ ಸರಿಯಾಗಿ ದುಡ್ಡು ಕೊಡೋ ಕೆಲಸ. ಆ ಕಂಪನಿಯ ಕನ್ಸಲ್ಟಿಂಗ್ ಭಾಗವೇ 1989ರಲ್ಲಿ ಪ್ರತ್ಯೇಕ ಘಟಕ ಆಗಿ, 2001ರ ಜನವರೀಲಿ ಆಕ್ಸೆಂಚರ್ ಅಂತ ಹೆಸರು ಬದಲಾಯಿಸ್ಕೊಂಡಿದ್ದು. ಬೇರೆಯವರ ಗಂಟೆ ಎಣಿಸೋದ್ರಿಂದ ಶುರುವಾದ ಕಸುಬಲ್ಲಿ ಕೂತು ನಾನು ನನ್ನ ಗಂಟೆ ಎಣಿಸದೆ ಬಿಟ್ಟಿದ್ದೆ.

ಬೆಂಚಿನ ಕೊನೇ ವಾರ ಒಂದು ಫೋನ್ ಬಂತು, ನನ್ನ ಮನಸ್ಸು ನಿಜವಾಗಿ ಬದಲಾಗಿದ್ದು ಅವತ್ತು. ಹಳೇ ಕ್ಲೈಂಟಿಗೇ ಎರಡನೇ ಹಂತದ ಮೈಗ್ರೇಷನ್ ನಡೀತಿತ್ತು. ಅಲ್ಲಿದ್ದ ಹುಡುಗ, ಸೇರಿ ಒಂದು ವರ್ಷ ಆಗಿರ್ಬೇಕು, ನನ್ನ ಹತ್ರ ಕೆಲವು ಹಳೇ ಫೈಲ್ ಕೇಳೋಕೆ ಮಾಡಿದ್ದ. ಮಾತಾಡ್ತಾ "ಇದನ್ನ ನೀವು 1040 ಗಂಟೇಲಿ ಹೇಗೆ ಮುಗಿಸಿದ್ರಿ? ನಮಗೆ ಆಗ್ತಾನೇ ಇಲ್ಲ, ಮೂರು ವಾರದಿಂದ ಶನಿವಾರ ಭಾನುವಾರನೂ ಕೆಲಸ" ಅಂದ. 1040 ಅಂದ್ರೆ ನಾನು ಬರೆದ 26 ವಾರದ 40 ಗಂಟೆ. ಹಳೇ ಪ್ರಾಜೆಕ್ಟಿನ ಟೈಮ್‌ಶೀಟ್ ನೋಡಿ ಹೊಸದಕ್ಕೆ ಎಸ್ಟಿಮೇಟ್ ಹಾಕ್ತಾರೆ, ಅದರ ಮೇಲೆ ಒಂದ್ಸಲ ಮಾಡಿದ ಕೆಲಸ ತಾನೇ ಅಂತ 10 ಪರ್ಸೆಂಟ್ ಕಳೆದು ಅವನಿಗೆ 936 ಗಂಟೆ ಕೊಟ್ಟಿದ್ರು. ನಿಜವಾಗಿ ನನಗೆ ಹಿಡಿದಿದ್ದು 1196. ಹತ್ತಿರ ಹತ್ತಿರ 260 ಗಂಟೆ ಕೊರತೆ, ಅದನ್ನ ಆ ಹುಡುಗ ತನ್ನ ವಾರಾಂತ್ಯದಲ್ಲಿ ತುಂಬ್ತಿದ್ದ, ಬಹುಶಃ ಅವನೂ ಬರೀದೇ.

ಅಲ್ಲೀವರೆಗೆ ನಾನು ಅಂದ್ಕೊಂಡಿದ್ದು ಗಂಟೆ ತಿಂದಿದ್ದರಿಂದ ನಷ್ಟ ಆಗಿದ್ದು ನನಗೆ ಮಾತ್ರ, ಅದು ನನ್ನ ತ್ಯಾಗ ಅಂತ. ಅವನಿಗೆ ನಿಜ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದ, ಆಮೇಲೆ "ಹಂಗಾದ್ರೆ ನಾನು ನಿಧಾನ ಅಲ್ಲ" ಅಂದ. ಆ ಮಾತು ನನಗೆ ಬಹಳ ನೋವು ಮಾಡ್ತು. ಅದೇ ದಿನ ಆ ಪ್ರಾಜೆಕ್ಟಿನ ಹೊಸ ಮ್ಯಾನೇಜರ್‌ಗೆ ನಿಜವಾದ ಗಂಟೆಗಳ ಲೆಕ್ಕ ಮೇಲ್ ಮಾಡ್ದೆ, ಯಾವ ಟ್ರಯಲ್ ಲೋಡ್‌ಗೆ ಎಷ್ಟು ಹಿಡೀತು ಅಂತ ನೆನಪಿದ್ದಷ್ಟು ಬರ್ದು. ಅವರು ಇನ್ನೊಬ್ಬರನ್ನ ಟೀಮಿಗೆ ಹಾಕಿದ್ರು ಅಂತ ಆಮೇಲೆ ಗೊತ್ತಾಯ್ತು.

ಎರಡನೇ ವರ್ಷ ಬೇರೆ ಪ್ರಾಜೆಕ್ಟು, ಅದೂ ಫಿಕ್ಸೆಡ್ ಪ್ರೈಸೇ. ಮೊದಲನೇ ವಾರ 47 ಗಂಟೆ ಆಯ್ತು, 47 ಬರ್ದೆ. ಸಬ್ಮಿಟ್ ಬಟನ್ ಒತ್ತೋವಾಗ ಕೈ ನಡುಗ್ತಿತ್ತು ಅಂದ್ರೆ ನಂಬ್ತೀರಾ. ಸೋಮವಾರ ಮ್ಯಾನೇಜರ್ ಕರೆದ್ರು. ಈ ಸಲ ಮೇಡಂ ಒಬ್ಬರು, ಕೆಲಸದಲ್ಲಿ ತುಂಬಾ ಖಡಕ್ಕು. "ಏನಿದು 47?" ಅಂದ್ರು. ನಾನು ಮೊದಲೇ ಬರ್ಕೊಂಡಿದ್ದ ಅರ್ಧ ಪುಟ ಅವರ ಮುಂದಿಟ್ಟೆ: ಕಾಂಟ್ರಾಕ್ಟಲ್ಲಿ ಡೇಟಾ ತಗೋಬೇಕಾದ ಮೂಲ ಸಿಸ್ಟಮ್ ಮೂರು ಅಂತಿದೆ, ಕ್ಲೈಂಟ್ ಕೊಡ್ತಿರೋದು ಐದು, ಆ ಎರಡಕ್ಕೆ ಈ ವಾರ 9 ಗಂಟೆ ಹೋಯ್ತು. ಅವರು ಓದಿ "ಇದನ್ನ ಪ್ರತಿ ವಾರ ಹೀಗೇ ಬೇರೆ ಮಾಡಿ ಬರೀರಿ" ಅಂದ್ರು ಅಷ್ಟೇ. ಏಳು ವಾರ ಆದ್ಮೇಲೆ ಅದೇ ಹಾಳೆಗಳನ್ನ ಜೋಡಿಸಿ ಚೇಂಜ್ ರಿಕ್ವೆಸ್ಟ್, ಅಂದ್ರೆ ಕಾಂಟ್ರಾಕ್ಟಲ್ಲಿಲ್ಲದ ಕೆಲಸಕ್ಕೆ ಹೆಚ್ಚಿನ ದುಡ್ಡು ಕೇಳೋ ಮನವಿ, ಮಾಡಿದ್ರು, ಕ್ಲೈಂಟ್ ಕಡೆಯವರು ವಾದ ಮಾಡಿದ್ರು ಆದ್ರೆ ತಾರೀಖು ಸಮೇತ ಗಂಟೆ ಇದ್ದಿದ್ರಿಂದ ಕೊನೆಗೆ ಒಪ್ಪಿದ್ರು, ಹೆಚ್ಚಿನ ದುಡ್ಡು ಬಂತು. ಬರೀದೇ ಬಿಟ್ಟಿದ್ರೆ ಕೇಳೋಕೆ ಆಧಾರಾನೇ ಇರ್ತಿರ್ಲಿಲ್ಲ. ಹೋದ ವರ್ಷದ ಪ್ರಾಜೆಕ್ಟಲ್ಲೂ ಇದೇ ಮಾಡ್ಬಹುದಿತ್ತಲ್ಲ ಅಂತ ಹೊಟ್ಟೆ ಉರೀತು.

ಪ್ರಮೋಷನ್ ರೌಂಡಿಗೆ ಆರು ತಿಂಗಳು ಮುಂಚೆ ಕೌನ್ಸೆಲರ್ ಹತ್ರ ನೇರವಾಗಿ ಕೇಳ್ದೆ, ಆ ರೂಮಲ್ಲಿ ಯಾರ್ಯಾರು ಕೂರ್ತಾರೆ, ಏನ್ ನಡೆಯುತ್ತೆ ಅಂತ. ಅದುವರೆಗೂ ಯಾರೂ ಕೇಳಿರ್ಲಿಲ್ವಂತೆ. ಅವರು ಹೇಳಿದ್ದು: ಒಂಬತ್ತು ಜನ ಕೂರ್ತಾರೆ, ಎಲ್ಲಾ ಲೆವೆಲ್ ಸೇರಿಸಿ 31 ಹೆಸರು, ಎರಡು ಗಂಟೆ. ಒಬ್ಬರಿಗೆ ನಾಲ್ಕು ನಿಮಿಷಾನೂ ಇಲ್ಲ. ಸ್ಕ್ರೀನ್ ಮೇಲೆ ಹೆಸರು, ರೇಟಿಂಗು, ಯುಟಿಲೈಸೇಷನ್, ಮಾರಾಟದಲ್ಲಿ ಪಾಲು. ಕೌನ್ಸೆಲರ್ ಒಂದೂವರೆ ನಿಮಿಷ ಮಾತಾಡ್ತಾರೆ. ಆಮೇಲೆ ಯಾರಾದ್ರೂ "ಹೌದು, ನಾನೂ ನೋಡಿದ್ದೀನಿ" ಅಂದ್ರೆ ಹೆಸರು ಮೇಲಿರುತ್ತೆ, ಎಲ್ಲರೂ ಸುಮ್ನಿದ್ರೆ ಕೆಳಗೆ ಜಾರುತ್ತೆ. "ನಿಮ್ಮ ಹೆಸರು ಬಂದಾಗ ಹೋದ ಸಲ ಸುಮ್ನಿದ್ರು" ಅಂದ್ರು. ಒಂಬತ್ತರಲ್ಲಿ ನನ್ನನ್ನ ಬಲ್ಲವರು ಇಬ್ಬರು.

ಇದು ಅನ್ಯಾಯ ಅಂತ ನನಗನ್ನಿಸ್ತು, ಈಗಲೂ ಅನ್ನಿಸುತ್ತೆ. ರೇಟಿಂಗ್ ಅನ್ನೋದೇ ಎಷ್ಟು ಅಲುಗಾಡೋ ವಸ್ತು ಅಂತ ಸಂಶೋಧನೆಗಳೇ ಹೇಳಿವೆ. 2000ನೇ ಇಸವಿಯಲ್ಲಿ ಸ್ಕಲೆನ್, ಮೌಂಟ್, ಗಾಫ್ ಅನ್ನೋ ಮೂವರು ಸಾವಿರಾರು ಮ್ಯಾನೇಜರ್‌ಗಳ ರೇಟಿಂಗ್ ತಗೊಂಡು ನೋಡಿದಾಗ, ಅಂಕಗಳಲ್ಲಿನ ವ್ಯತ್ಯಾಸದಲ್ಲಿ 62 ಪರ್ಸೆಂಟ್ ಬಂದಿದ್ದು ಅಂಕ ಕೊಟ್ಟವರ ಸ್ವಭಾವದಿಂದ, ನಿಜವಾದ ಕೆಲಸದಿಂದ ಬಂದಿದ್ದು 21 ಪರ್ಸೆಂಟ್ ಮಾತ್ರ. ಡೆಲಾಯ್ಟ್‌ನವರು ತಮ್ಮಲ್ಲಿ ರೇಟಿಂಗ್, ಮೀಟಿಂಗ್, ಫಾರಂ ತುಂಬೋದು ಎಲ್ಲಾ ಸೇರಿ ವರ್ಷಕ್ಕೆ ಹತ್ತಿರ ಹತ್ತಿರ 20 ಲಕ್ಷ ಗಂಟೆ ಹೋಗ್ತಿದೆ ಅಂತ ಲೆಕ್ಕ ಹಾಕಿ, 2015ರಲ್ಲಿ ಹೊಸ ವಿಧಾನ ಪ್ರಕಟಿಸಿದ್ರು. ಅದರಲ್ಲಿ ಟೀಮ್ ಲೀಡರ್‌ಗೆ ಕೇಳೋ ಪ್ರಶ್ನೆ ಬೇರೆ ಥರ, ಇದು ನನ್ನ ದುಡ್ಡೇ ಆಗಿದ್ರೆ ಈ ವ್ಯಕ್ತಿಗೆ ಅತಿ ಹೆಚ್ಚು ಇನ್‌ಕ್ರಿಮೆಂಟ್ ಕೊಡ್ತಿದ್ನಾ ಅನ್ನೋ ಥರ. ಆ ಪ್ರಶ್ನೆ ನನಗೆ ಇಷ್ಟ ಆಯ್ತು, ಯಾಕಂದ್ರೆ ಅದು ಅಂಕ ಕೊಡೋವರನ್ನ ತಮ್ಮ ಬಗ್ಗೆ ತಾವೇ ಉತ್ತರ ಕೊಡೋ ಹಾಗೆ ಮಾಡುತ್ತೆ. ಆದ್ರೆ ನಮ್ಮಲ್ಲಿ ಇದ್ದಿದ್ದು ಹಳೇ ಪದ್ಧತೀನೇ, ಅದರಲ್ಲೇ ಈಜಬೇಕಿತ್ತು.

ಆರು ತಿಂಗಳಲ್ಲಿ ಇಬ್ಬರನ್ನ ನಾಲ್ಕು ಜನ ಮಾಡ್ಕೊಂಡೆ. ಹೊಗಳಿಕೆ, ಹಿಂದೆ ಮುಂದೆ ಸುತ್ತೋದು ಅಂತ ತಿಳ್ಕೋಬೇಡಿ. ಒಬ್ಬ ಪಾರ್ಟ್ನರ್‌ಗೆ ಡೇಟಾ ಕೆಲಸದ ಎಸ್ಟಿಮೇಟ್‌ಗಳು ಯಾವಾಗ್ಲೂ ತಪ್ಪುತ್ತಿದ್ವು, ನನ್ನ ಎರಡು ಪ್ರಾಜೆಕ್ಟಿನ ನಿಜ ಗಂಟೆ ಇಟ್ಕೊಂಡು ಒಂದು ಎಸ್ಟಿಮೇಟ್ ಶೀಟ್ ಮಾಡಿ ತೋರಿಸ್ದೆ, ಅವರು ಮುಂದಿನ ಮೂರು ಪ್ರಪೋಸಲ್‌ನಲ್ಲಿ ಅದನ್ನೇ ಬಳಸಿದ್ರು. ಇನ್ನೊಬ್ಬರ ಪ್ರಪೋಸಲ್‌ಗೆ ಕೆಲಸ ಮಾಡೋ ಮುಂಚೆ "ಇದು ಗೆದ್ರೆ ನನ್ನ ಹೆಸರು ಟೀಮ್ ಪಟ್ಟೀಲಿ ಬರುತ್ತಾ ಸರ್?" ಅಂತ ಬಾಯಿಬಿಟ್ಟು ಕೇಳ್ದೆ. ಮೊದಲ ಸಲ ಕೇಳೋವಾಗ ಬಹಳ ಮುಜುಗರ. "ಖಂಡಿತ ಬರುತ್ತೆ, ಕೇಳಿದ್ದು ಒಳ್ಳೇದಾಯ್ತು" ಅಂದ್ರು.

ಎರಡು ಪುಟದ ಪ್ರಮೋಷನ್ ಡಾಕ್ಯುಮೆಂಟ್ ಬರೆಯೋದಕ್ಕೆ ನನಗೆ ಮೂರು ವಾರ ಹಿಡೀತು. ಮೊದಲನೇ ಡ್ರಾಫ್ಟ್ ನೋಡಿ ಕೌನ್ಸೆಲರ್ ವಾಪಸ್ ಕೊಟ್ರು, "ನೀವು ಏನೇನು ಮಾಡಿದ್ರಿ ಅಂತ ಇದೆ, ನೀವು ಮಾಡಿದ್ದರಿಂದ ಏನು ಬದಲಾಯ್ತು ಅಂತ ಇಲ್ಲ" ಅಂತ. "ಮೈಗ್ರೇಷನ್ ತಂಡ ಮುನ್ನಡೆಸಿದೆ" ಅನ್ನೋ ಸಾಲು ಹೋಗಿ "ಕಾಂಟ್ರಾಕ್ಟ್ ಹೊರಗಿನ ಕೆಲಸ ಗುರುತಿಸಿ ಏಳು ವಾರದ ದಾಖಲೆ ಕೊಟ್ಟಿದ್ದರಿಂದ ಚೇಂಜ್ ರಿಕ್ವೆಸ್ಟ್ ಪಾಸಾಯ್ತು" ಅಂತ ಆಯ್ತು. ಈಗಾಗ್ಲೇ ಮ್ಯಾನೇಜರ್ ಕೆಲಸ ಮಾಡ್ತಿದ್ದಾರೆ ಅಂತ ಆ ರೂಮಲ್ಲಿ ಕೂತವರಿಗೆ ಅನ್ನಿಸ್ಬೇಕು, ಮುಂದೆ ಮಾಡಬಲ್ಲರು ಅಂತ ಅಲ್ಲ. ಈ ಉದ್ಯಮದ ವಿಚಿತ್ರ ಇದು, ಮೇಲಿನ ಮೆಟ್ಟಿಲಿನ ಕೆಲಸಾನ ಕೆಳಗಿನ ಮೆಟ್ಟಿಲಿನ ಸಂಬಳದಲ್ಲಿ ಒಂದು ವರ್ಷ ಮಾಡಿ ತೋರಿಸ್ಬೇಕು.

ಆಯ್ತು. ಈ ಸಲ ಯುಟಿಲೈಸೇಷನ್ 88, ಜಾಗ ಆರು, ಅದರಲ್ಲಿ ನನ್ನದೊಂದು. ಕಾಲ್ ಬಂದಾಗಲೂ ಟ್ಯಾಕ್ಸೀಲೇ ಇದ್ದೆ, ಅದೇ ಏರ್‌ಪೋರ್ಟ್ ರಸ್ತೆ. ಕಣ್ಣಲ್ಲಿ ನೀರು ಬಂತು.

ಸಂಬಳದ ಪತ್ರ ಬಂದಿದ್ದು ಮೂರು ವಾರ ಆದ್ಮೇಲೆ. ಏರಿಕೆ 12 ಪರ್ಸೆಂಟ್. ಪ್ರತಿ ಲೆವೆಲ್‌ಗೂ ಒಂದು ಬ್ಯಾಂಡ್, ಅಂದ್ರೆ ಸಂಬಳ ಇಷ್ಟರಿಂದ ಇಷ್ಟರವರೆಗೆ ಅನ್ನೋ ಮಿತಿ, ಇರುತ್ತೆ, ಅದರ ಮಧ್ಯದ ಬಿಂದುವನ್ನ 100 ಅಂತ ಇಟ್ಕೊಂಡ್ರೆ ನನ್ನ ಹೊಸ ಸಂಬಳ 82 ಅಂತ ಎಚ್‌ಆರ್‌ನವರು ಕೇಳಿದ್ದಕ್ಕೆ ಹೇಳಿದ್ರು. ಒಳಗಿಂದ ಮೇಲೆ ಬಂದವರು ಸಾಮಾನ್ಯವಾಗಿ ಬ್ಯಾಂಡಿನ ತಳದಲ್ಲೇ ಶುರು ಮಾಡೋದು ಅಂತ. ಅದೇ ತಿಂಗಳು ಹೊರಗಿಂದ ಸೇರಿದ ಇನ್ನೊಬ್ಬ ಮ್ಯಾನೇಜರ್ ಮಾತಿನ ಮಧ್ಯೆ ತಾನು ಬ್ಯಾಂಡಿನ ಮಧ್ಯದಲ್ಲಿದ್ದೀನಿ ಅಂದ್ರು. 82ರಿಂದ 100ಕ್ಕೆ 22 ಪರ್ಸೆಂಟ್ ಅಂತರ. ಇಬ್ಬರದ್ದೂ ಅದೇ ಕೆಲಸ, ಅದೇ ರೇಟ್ ಕಾರ್ಡು, ಕ್ಲೈಂಟಿಗೆ ಇಬ್ಬರ ಗಂಟೆಗೂ ಒಂದೇ ಬೆಲೆ. ಹಳೇ ಲೆಕ್ಕದಲ್ಲಿ ಕ್ಲೈಂಟ್ ಕೊಡೋದ್ರಲ್ಲಿ ಮೂರನೇ ಒಂದು ಭಾಗ ನಮ್ಮ ಸಂಬಳ, ಮೂರನೇ ಒಂದು ಕಂಪನಿ ಖರ್ಚು, ಉಳಿದದ್ದು ಲಾಭ ಅಂತಾರೆ. ನನ್ನ ವಿಷಯದಲ್ಲಿ ಆ ಮೊದಲನೇ ಭಾಗ ಇನ್ನೂ ತೆಳ್ಳಗಿತ್ತು.

ಒಂದು ವಾರ ನಿದ್ದೆ ಸರಿಯಾಗಿ ಬರ್ಲಿಲ್ಲ. ರಿಕ್ರೂಟರ್ ಒಬ್ಬರು ಫೋನ್ ಮಾಡ್ತಾನೇ ಇದ್ರು, ಹೊರಗೆ ಹೋದ್ರೆ ಆ ಅಂತರ ಒಂದೇ ಸಲಕ್ಕೆ ತುಂಬುತ್ತೆ ಅಂತ. ನಿಜ, ತುಂಬುತ್ತಿತ್ತು. ಆದ್ರೆ ಜಾಯಿನಿಂಗ್ ಬೋನಸ್ ಅಂತ ಕೊಡೋದನ್ನ ಅವಧಿಗೆ ಮುಂಚೆ ಬಿಟ್ರೆ ವಾಪಸ್ ಕಟ್ಬೇಕು ಅನ್ನೋ ಷರತ್ತಿತ್ತು, ಅದಕ್ಕಿಂತ ಮುಖ್ಯವಾಗಿ ಅಲ್ಲಿ ಒಂಬತ್ತರಲ್ಲಿ ನನ್ನನ್ನ ಬಲ್ಲವರು ಸೊನ್ನೆ, ಮತ್ತೆ ಮೊದಲಿಂದ. ನಾನು ಇಲ್ಲೇ ಕೇಳೋಣ ಅಂತ ತೀರ್ಮಾನ ಮಾಡ್ದೆ. ಕೋಪದಲ್ಲಿ ಅಲ್ಲ, ಒಂದು ಪುಟದಲ್ಲಿ ಬರ್ದು: ಬ್ಯಾಂಡಿನಲ್ಲಿ ನಾನೆಲ್ಲಿದ್ದೀನಿ, ಚೇಂಜ್ ರಿಕ್ವೆಸ್ಟ್ ಎಷ್ಟು ತಂತು, ಎಸ್ಟಿಮೇಟ್ ಶೀಟ್ ಎಲ್ಲೆಲ್ಲಿ ಬಳಕೆ ಆಯ್ತು. ಪಾರ್ಟ್ನರ್ ಓದಿ "ಈಗ ಆಗಲ್ಲ, ಆದ್ರೆ ವರ್ಷದ ಮಧ್ಯದ ರೌಂಡಲ್ಲಿ ಪ್ರಯತ್ನ ಪಡ್ತೀನಿ" ಅಂದ್ರು. "ಸರ್, ದಯವಿಟ್ಟು ಇದನ್ನ ಇ-ಮೇಲಲ್ಲಿ ಹಾಕ್ತೀರಾ" ಅಂದೆ. ಬಾಯಿಮಾತಿನ ಭರವಸೆ ಮ್ಯಾನೇಜರ್ ಜೊತೆ ಕಂಪನಿ ಬಿಟ್ಟು ಹೋಗಿದ್ದನ್ನ ಒಂದ್ಸಲ ನೋಡಿದ್ದೆನಲ್ಲ. ಹಾಕಿದ್ರು. ಆರು ತಿಂಗಳಿಗೆ 6 ಪರ್ಸೆಂಟ್ ಬಂತು, 82 ಹೋಗಿ 87 ಆಯ್ತು. ಇನ್ನೂ 100 ಅಲ್ಲ, ಕೇಳೋದು ಬಿಟ್ಟಿಲ್ಲ.

ಈಗ ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ, ನನ್ನ ರಿವ್ಯೂನಲ್ಲೂ ಈಗ ಮಾರ್ಜಿನ್ನೇ ಅಳೆಯೋದು. ಹಳೇ ಮ್ಯಾನೇಜರ್ ಕೂತಿದ್ದ ಕುರ್ಚೀಲಿ ಕೂತ ಮೇಲೆ ಅವರಿಗೆ ಎಷ್ಟು ಒತ್ತಡ ಇತ್ತು ಅಂತ ಅರ್ಥ ಆಗ್ತಿದೆ. ಹೋದ ತಿಂಗಳು ಟೀಮಲ್ಲಿ ಹೊಸದಾಗಿ ಸೇರಿದ ಹುಡುಗಿ ಶುಕ್ರವಾರ ಸಂಜೆ ಮೆಸೇಜ್ ಮಾಡಿದ್ಲು, "ಈ ವಾರ 51 ಆಗಿದೆ, 40 ಅಂತ ಹಾಕ್ಲಾ? ಬಜೆಟ್ ಟೈಟ್ ಇದೆ ಅಂತ ನೀವೇ ಹೇಳಿದ್ರಿ." ಹೌದು, ಬೆಳಗ್ಗೆ ಮೀಟಿಂಗಲ್ಲಿ ನಾನೇ ಹೇಳಿದ್ದೆ. ಆ ಮಾತು ಅವಳ ಕಿವಿಗೆ ಹೇಗೆ ಬಿದ್ದಿರ್ಬಹುದು ಅಂತ ಯೋಚ್ನೆ ಮಾಡಿರ್ಲಿಲ್ಲ. ಮೆಸೇಜಲ್ಲಿ ಉತ್ತರ ಕೊಡೋದು ಬೇಡ ಅಂತ ಫೋನ್ ಮಾಡ್ದೆ. "51 ಹಾಕಮ್ಮಾ. 11 ಗಂಟೆ ಯಾವುದಕ್ಕೆ ಹೋಯ್ತು ಅಂತ ಎರಡು ಸಾಲು ಬರ್ದು ಕಳಿಸು, ಬಜೆಟ್ ನನ್ನ ತಲೆನೋವು" ಅಂದೆ.

ಅವಳ ಎರಡು ಸಾಲು ಬಂತು, ರಿಪೋರ್ಟ್ ಫಾರ್ಮ್ಯಾಟ್ ಕ್ಲೈಂಟ್ ಮೂರು ಸಲ ಬದಲಾಯಿಸಿದ್ದಾರೆ. ನಾಳೆ ಬೆಳಗ್ಗೆ ಹತ್ತಕ್ಕೆ ಪಾರ್ಟ್ನರ್ ಜೊತೆ ಮೀಟಿಂಗ್ ಇದೆ. ನಾಲ್ಕು ವಾರದಲ್ಲಿ ಬಜೆಟ್ 38 ಗಂಟೆ ದಾಟಿದೆ, ಯಾವ ಗಂಟೆ ಎಲ್ಲಿ ಹೋಯ್ತು ಅನ್ನೋ ಹಾಳೆ ಪ್ರಿಂಟ್ ಹಾಕಿ ಬ್ಯಾಗಲ್ಲಿಟ್ಟಿದ್ದೀನಿ, ಮೇಲೆ ಅವಳ ಹೆಸರೂ ಹಾಕಿದ್ದೀನಿ.